ಕುಬರಾಳ ಗಲ್ಲಿಗೆ ಅಡ್ಡ ಬಂದ ಗೋಡೆ

ಬೀದರಿನ ಹಳೆ ಊರಿನಲ್ಲಿ ಸೂಲಗಿತ್ತಿ ಕುಬರಾಳನ್ನು ಅರಿಯದ ಮನೆ ಇರಲಿಲ್ಲ. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ನಡೆದಾಗ ಔರಾದಿಗೆ ಹೋಗಿದ್ದ ಅವಳ ಗಂಡ ಲಾಲ ಅಹ್ಮದ ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಣ್ಣ ಹೈದರಾಬಾದಿಗೆ ಕರೆದ. “ಇಲ್ಲಿ ಬಸುರೇರ್ನ ಯಾರು ನೋಡ್ಬೇಕು?” ಎಂದು ಅವಳು ಹೋಗಲಿಲ್ಲ.

ಕೆಲವು ವರ್ಷಗಳಲ್ಲಿ ಊರು ಹೊಲಗಳತ್ತ ಚಾಚತೊಡಗಿತು. ಕುಬರಾಳ ಗಲ್ಲಿಯ ಕೊನೆಯಿಂದ ಮನ್ನಳ್ಳಿ ಕಡೆಗೆ ಒಂದು ಕಾಲುದಾರಿ ಇತ್ತು. ಬಟ್ಟೆ ವ್ಯಾಪಾರಿ ಹಾವಗೆಪ್ಪ ಅಲ್ಲಿನ ಹೊಲ ಕೊಂಡು ಪ್ಲಾಟು ಹಾಕಿದ. ರಸ್ತೆಗಳೆಲ್ಲ ಅಗಲ, ಆದರೆ ಹೊರಬೀಳಲು ದೂರದ ದೊಡ್ಡ ರಸ್ತೆಯೊಂದೇ. ಗಲ್ಲಿ ಸೇರುವ ಕಡೆ ಆಳೆತ್ತರದ ಗೋಡೆ ಎಬ್ಬಿಸಿದ. “ಹಳೇ ಗಲ್ಲಿಯವರ ತಿರುಗಾಟ ಇರಂಗಿಲ್ರಿ” ಎಂದೇ ಪ್ಲಾಟು ಮಾರಿದ.

ಭಾಲ್ಕಿಯಿಂದ ಬಂದ ಕಾವೇರಿಬಾಯಿಯ ಮನೆ ಆ ಗೋಡೆಗೆ ಹತ್ತಿಕೊಂಡೇ ಇತ್ತು. ಒಂದು ಮಧ್ಯಾಹ್ನ ಆಕೆ ಗೋಡೆಯಾಚೆಯಿಂದ ಕೂಗಿದಳು: “ಕುಬರಾಬೀ, ಸೊಸಿಗಿ ಬ್ಯಾನಿ ಸುರು ಆಗ್ಯಾವ, ಲಗೂ ಬರ್ರಿ.”

ಸೊಸೆ ಕುಮುದಿನಿಯ ನರಳಾಟ ಕುಬರಾಳಿಗೆ ಕೇಳುತ್ತಿತ್ತು. ಆದರೂ ಬೆನ್ನು ತಿರುಗಿಸಿ, ಬಜಾರು ದಾಟಿ, ದೊಡ್ಡ ರಸ್ತೆ ಹಿಡಿದು ಸುತ್ತಿ ಬರಬೇಕಾಯಿತು. ಬರುವಷ್ಟರಲ್ಲಿ ಹೊಕ್ಕುಳಬಳ್ಳಿ ಕೂಸಿನ ಕುತ್ತಿಗೆಯನ್ನು ಬಿಗಿದಿತ್ತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಕುಬರಾ ನೆಟ್ಟಗೆ ಹಾವಗೆಪ್ಪನ ಅಂಗಡಿಗೆ ನಡೆದಳು.

“ಸಾಹುಕಾರ್ರ, ಆ ಗೋಡಿ ತೆಗೀರಿ. ಒಂದು ಕೂಸು ಹೋತು.”

“ದೇವರ ಇಚ್ಛಾ. ಅದಕ್ಕ ಗೋಡಿ ಏನ್ ಮಾಡ್ತದ?”

“ದೇವ್ರು ಕಟ್ಟಿಲ್ರಿ ಅದು. ನೀವು ಕಟ್ಟೀರಿ.”

ಅವನು ಬಟ್ಟೆ ಅಳೆಯತೊಡಗಿದ.

ಮರುವಾರ ಕುಬರಾ, ಕಾವೇರಿಬಾಯಿ ಇಬ್ಬರೂ ಮುನಸಿಪಾಲಿಟಿ ಕಚೇರಿಗೆ ಹೋದರು. ಸಾಹೇಬರು ತಲೆ ಎತ್ತದೆ, “ಮೋಟಾರು ಹೋಗುವಂಥ ರಸ್ತಾ ಮಾಡ್ಯಾರ. ಇನ್ನೇನು ಬೇಕು?” ಎಂದರು.

“ನಮಗ ಮೋಟಾರು ಎಲ್ಲಿದರಿ? ಕಾಲು ಅವ,” ಎಂದಳು ಕಾವೇರಿಬಾಯಿ. “ಕಾಲಿಗಿ ದಾರಿ ಬೇಕು.”

ನಕ್ಷೆ ಮಂಜೂರಾಗಿದೆ ಎಂದು ಹೊರಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಕಾವೇರಿಬಾಯಿ ತಾನೇ ಹಾರೆ ಹಿಡಿದಳು. ಆಚೆಯಿಂದ ಕುಬರಾ ಮತ್ತು ಗಲ್ಲಿಯ ಹೆಂಗಸರು ಕಲ್ಲು ಕಿತ್ತರು. ಒಬ್ಬರು ನುಸುಳುವಷ್ಟು ಸಂದಿಯಾಯಿತು. ಸಂಜೆಗೆ ಹಾವಗೆಪ್ಪ ಪೊಲೀಸರನ್ನು ಕರೆತಂದ. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಕಾವೇರಿಬಾಯಿಯ ಮಗ ನೌಕರಿಯ ಹೆದರಿಕೆಯಿಂದ ತಾಯಿಯ ಕೈ ಹಿಡಿದು ತಡೆದ. ಸಂದಿಗೆ ಗಚ್ಚು ತುಂಬಿ, ಮೇಲೆ ಗಾಜಿನ ಚೂರು ನೆಟ್ಟರು. ಕೂಸು ಕಳಕೊಂಡ ಮನೆಯವರೇ ತಪ್ಪಿತಸ್ಥರಾದರು.

ಕುಮುದಿನಿ ಮತ್ತೆ ಬಸುರಾದಾಗ ಕಾವೇರಿಬಾಯಿ ದಿನ ತುಂಬುವ ಮೊದಲೇ ಕುಬರಾಳನ್ನು ಮನೆಗೆ ಕರೆತಂದು ಇಟ್ಟುಕೊಂಡಳು.

“ಅವರ್ನ ಇಷ್ಟು ದಿನ ಮನ್ಯಾಗ ಇಟ್ಕೋತೀರೇನ್ರಿ?” ಎಂದು ನೆರೆಯವಳು ಮೂಗು ಮುರಿದಳು.

“ಗೋಡಿ ಹಾಕಿದ್ದಕ್ಕ ಇಟ್ಕೊಂಡೀನಿ.”

ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು.

ಹಾವಗೆಪ್ಪ ಮುಂದೆ ಇನ್ನೆರಡು ಕಡೆ ಪ್ಲಾಟು ಹಾಕಿದ. ಅಲ್ಲಿಯೂ ಹಳೆ ದಾರಿಗಳನ್ನು ಮುಚ್ಚಿದ. ಗೋಡೆಯಾಚೆಯಿಂದ ಹೆರಿಗೆಗೆ ಕರೆ ಬಂದಾಗಲೆಲ್ಲ ಕುಬರಾ ಬಜಾರು ಸುತ್ತಿ, ಉದ್ದಕ್ಕೂ ಅವನನ್ನು ಬೈಯುತ್ತ ಹೋಗುತ್ತಿದ್ದಳು. ಅವಳು ಬೈದದ್ದು ಅತಿಯಾಯಿತೆಂದು ಗಲ್ಲಿಯಲ್ಲಿ ಯಾರೂ ಹೇಳಲಿಲ್ಲ.