ಸದ್ದು ನೋಡಿ ಆರಿಸಿದ ಜನರೇಟರ್

ನಿವೃತ್ತಿಯಾದ ಮೇಲೆ, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಒಂದು ಪುಟ್ಟ ಟ್ರೇಲರ್ ಮನೆ ಮಾಡಿಸಿದೆವು. ಹಲವಾಗಲು ಊರಿನ ಹೊಳೆದಂಡೆಯಲ್ಲಿ ನಾಲ್ಕು ದಿನ ಮಾತಾಡಿಕೊಂಡು ಕೂತು ಬರಬೇಕೆಂಬುದು ನನ್ನ ಹೆಂಡತಿಯ ಆಸೆ. ಅದಕ್ಕೊಂದು ಜನರೇಟರ್ ಬೇಕೆಂದು ಹರಪನಹಳ್ಳಿಯಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಸಾಹೇಬರ ಅಂಗಡಿಗೆ ಹೋದೆವು.

ಎರಡು ದೀಪ, ಒಂದು ಫ್ಯಾನು, ಮೊಬೈಲ್ ಚಾರ್ಜು ಎಂದೆ. ಸಾಹೇಬರು ಸೂಟ್‌ಕೇಸಿನಷ್ಟೇ ಇದ್ದ ಸಣ್ಣ ಯಂತ್ರವೊಂದನ್ನು ಚಾಲೂ ಮಾಡಿ, ‘ಇಷ್ಟಕ್ಕ ಇದು ಸಾಕ್ರಿ’ ಎಂದರು. ಅದು ಗುಂಯ್ ಎನ್ನುತ್ತಿತ್ತು, ಅಷ್ಟೆ. ನಾನು ಬೆಳೆದದ್ದು ಹೊಲದ ಡೀಸೆಲ್ ಪಂಪುಗಳ ನಡುವೆ. ಎಷ್ಟು ಹೊಲದಾಚೆ ಕೇಳಿಸುತ್ತದೋ ಅಷ್ಟು ಗಟ್ಟಿ ಎಂಜಿನ್ ಎಂಬುದೇ ನಮ್ಮ ಲೆಕ್ಕ.

‘ಇದರಾಗ ಜೀವಾನ ಇಲ್ಲಲ್ರಿ. ಆ ದೊಡ್ಡದು ಹಚ್ರಿ’ ಎಂದು ಮೂಲೆಯಲ್ಲಿದ್ದ ಇನ್ನೊಂದು ಜನರೇಟರ್ ತೋರಿಸಿದೆ.

ಸಾಹೇಬರು ವಾದಕ್ಕೆ ಬರಲಿಲ್ಲ. ದೊಡ್ಡದರ ಪಕ್ಕ ಎರಡು ಸ್ಟೂಲು ಹಾಕಿ ನಮ್ಮಿಬ್ಬರನ್ನೂ ಕೂರಿಸಿ, ಹಗ್ಗ ಎಳೆದರು. ಅಂಗಡಿಯ ತಗಡೆಲ್ಲ ನಡುಗಿತು. ನನಗೆ ಸಮಾಧಾನವಾಯಿತು. ಹೆಂಡತಿ ನನ್ನತ್ತ ತಿರುಗಿ ಏನೋ ಹೇಳಿದಳು. ನಾನು ತಲೆಯಾಡಿಸಿದೆ.

ಸಾಹೇಬರು ಎಂಜಿನ್ ಬಂದ್ ಮಾಡಿದರು. ‘ಅಮ್ಮೋರು ಈಗ ಏನಂದ್ರು, ಹೇಳ್ರಿ ನೋಡೋಣ’ ಎಂದು ನನ್ನನ್ನು ಕೇಳಿದರು.

ನಾನು ಅವಳ ಮುಖ ನೋಡಿದೆ. ಅವಳು ಸಾಹೇಬರ ಕಡೆ ತಿರುಗಿ ಮೆಲ್ಲಗೆ ಹೇಳಿದ್ದು, ಆ ನಿಶ್ಶಬ್ದದಲ್ಲಿ ನನಗೆ ಒಂದಕ್ಷರವೂ ಬಿಡದಂತೆ ಕೇಳಿಸಿತು.

‘ಸಣ್ಣದನ್ನ ಕೊಡ್ರಿ ಸಾಹೇಬ್ರ. ಮನ್ಯಾಗೂ ಇವರು ಹಿಂಗ ತಲಿ ಆಡಸ್ತಾರ. ಅಲ್ಲಿ ಯಾವ ಎಂಜಿನ್ನೂ ಇಲ್ಲ.’