ಗುದ್ದಿ ಒಡೆದ ಉಳ್ಳಾಗಡ್ಡಿ

ನನ್ನ ಸೋದರತ್ತೆ ಜನ್ಮದಲ್ಲಿ ಉಳ್ಳಾಗಡ್ಡಿ ಮುಟ್ಟಿದವಳಲ್ಲ. ಖಾನಾಪುರದ ಹಳೆಯ ಜೈನ ಮನೆತನ ನಮ್ಮದು. ನೆಲದೊಳಗೆ ಬೆಳೆದ ಗಡ್ಡೆ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾನು ಇದನ್ನೆಲ್ಲ ಎಂದೋ ಬಿಟ್ಟೆ, ಅತ್ತೆ ಬಿಡಲಿಲ್ಲ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ. ಡಾಕ್ಟರು ಹೇಳಿದ್ದನ್ನು ರೋಗಿಯ ಮನೆಯವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಬಿಡಿಸಿ ಹೇಳಬೇಕು. ಅವಳ ದನಿ ಎಷ್ಟು ಮೆತ್ತಗೆಂದರೆ ಆಚೆ ಕುರ್ಚಿಯವರಿಗೆ ಕೇಳಿಸುತ್ತಿರಲಿಲ್ಲ.

ಒಂದು ಸಂಜೆ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅವಳಿಗೆ ಕರೆ ಬಂತು. ಲೋಂಡಾ ಕಡೆಯ ಹೆಂಗಸೊಬ್ಬಳಿಗೆ, ಗಂಡ ಉಳಿಯುವುದಿಲ್ಲವೆಂದು ತಿಳಿಸಬೇಕಿತ್ತು. ತಿಳಿಸಿದಳು. ಆಕೆ ಹಿಡಿದ ಕೈ ಬಿಡಲಿಲ್ಲ, ಅತ್ತೆ ಏಳಲಿಲ್ಲ, ಹೊರಗೆ ಹೊತ್ತು ಮುಳುಗಿತು. ತುಂಬಿದ ಡಬ್ಬಿ ಹಾಗೇ ಮನೆಗೆ ಬಂತು. "ಆಕಿ ಕೈ ಬಿಡಿಸಿಕೊಂಡು ಉಣ್ಣಾಕ ಬರತೈತೇನೋ?" ಎಂದಳು ನನಗೆ. ಅವಳನ್ನು ಕೇಳಿಯೇ ನಾನು ಇದನ್ನು ಕಥೆ ಮಾಡಿದೆ. "ಬರಿ. ಆದ್ರ ಇದ್ದಂಗ ಬರಿ," ಎಂದಿದ್ದಳು. ಇದ್ದ ಹಾಗೇ ಬರೆದೆ.

ಆ ಕಥೆ ಬೆಂಗಳೂರಿನ ಧಾರಾವಾಹಿಯವರ ಕಣ್ಣಿಗೆ ಬಿತ್ತು. ಹಕ್ಕು ಬರೆದುಕೊಟ್ಟ ಮೇಲೆ ನಿರ್ದೇಶಕನ ಫೋನು.

"ಸಾರ್, ನಿಮ್ಮತ್ತೆ ಆ ಕಡೆಯವರ ಥರಾನೇ ಇಲ್ವಲ್ಲ. ಸ್ವಲ್ಪ ಜವಾರಿ ಮಾಡೋಣ."

ಇಲ್ಲೇ ಹುಟ್ಟಿ ಬೆಳೆದವಳು ಇಲ್ಲಿಯವಳ ಹಾಗಿಲ್ಲವಂತೆ! ಒಮ್ಮೆಯೂ ಈ ಕಡೆ ಕಾಲಿಡದವನು ನನಗೆ ಹೇಳಿಕೊಟ್ಟ. ಮೈ ಉರಿದುಹೋಯಿತು. ಜೈನರ ಮನೆಯ ರೀತಿ ಹೇಳಿದೆ, ಖಾನಾಪುರ ಅನ್ನ ಉಣ್ಣುವ ಮಳೆಸೀಮೆ ಎಂದೆ, ಬಾಯಿ ನೋಯುವಷ್ಟು ಜಗಳವಾಡಿದೆ.

"ಅದೆಲ್ಲ ಜನಕ್ಕೆ ಬೇಡ ಸಾರ್. ರೊಟ್ಟಿ, ಈರುಳ್ಳಿ, ನಾಲ್ಕು ಬೈಗುಳ ಇದ್ರೆ ಉತ್ತರ ಕರ್ನಾಟಕ ಅಂತ ತಕ್ಷಣ ಗೊತ್ತಾಗುತ್ತೆ."

ಅತ್ತೆ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದಳು, ಟೀವಿಯಲ್ಲಿ ತನ್ನ ಕಥೆ ಬರುತ್ತದೆಂದು. ಆ ದಿನ ಪಡಸಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಪರದೆಯ ಮೇಲಿನ ಅತ್ತೆ ಸೆರಗು ಬಿಗಿದು ಡಾಕ್ಟರ ಮೇಜು ಗುದ್ದಿದಳು, ಅವನ ವಂಶ ಜಾಲಾಡಿದಳು. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಕೂತು, ಒಂದೇ ಗುದ್ದಿಗೆ ಉಳ್ಳಾಗಡ್ಡಿ ಒಡೆದು, ರೊಟ್ಟಿಯ ಜೊತೆ ಆ ಹೆಂಗಸಿನ ಬಾಯಿಗೆ ತುರುಕಿದಳು. ನಮ್ಮ ಮಂದಿ ಮುಖ ಮುಖ ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಅತ್ತೆ ಕೊನೆಯವರೆಗೂ ನೋಡಿ ನನ್ನ ಕಡೆ ತಿರುಗಿದಳು.

"ಡಬ್ಬಿ ಎಲ್ಲಿ ಹೋತೋ?"

ಕಥೆಯಲ್ಲಿ ಇದ್ದದ್ದೇ ಆ ಡಬ್ಬಿ.

ಮೊನ್ನೆ ಬೆಳಗಾವಿಯಲ್ಲಿ ಸಂಬಂಧಿಕರ ಮದುವೆ. ಹೊತ್ತಿರುವಾಗಲೇ ಉಣ್ಣುವವರಿಗೆಂದು ಬೇಗ ಬಡಿಸಿದ್ದರು. ಅತ್ತೆ ತಾಟಿನ ಮುಂದೆ ಕೂತಿದ್ದಳಷ್ಟೇ, ಬೀಗರ ಕಡೆಯವರು ಫೋನು ಹಿಡಿದು ಸುತ್ತುವರಿದರು.

"ಅಕ್ಕಾರ, ಟೀವಿಯೊಳಗ ಬೈತೀರಲ್ಲ, ಒಮ್ಮೆ ಬೈರಿ!"

ಅವಳು ಒಲ್ಲೆ ಅನ್ನುತ್ತಾಳೆಂದುಕೊಂಡೆ. ಕೇಳಿದವರಿಗೆ ಇಲ್ಲವೆಂದು ಹೇಳಿ ಅವಳಿಗೆ ಎಂದೂ ರೂಢಿಯಿಲ್ಲ. ಎದ್ದು ಸೆರಗು ಬಿಗಿದಳು. ಇಲ್ಲದ ಉಳ್ಳಾಗಡ್ಡಿಯನ್ನು ಮೇಜಿನ ಮೇಲೆ ಗುದ್ದಿ ಒದರಿದಳು. ಆ ದನಿಯನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಚಪ್ಪಾಳೆ ಬಿತ್ತು. "ಖರೇ ಬೆಳಗಾವಿ ಹೆಣ್ಮಗಳು ನೋಡ್ರಿ!" ಎಂದ ಒಬ್ಬ. ಇನ್ನೊಬ್ಬರಿಗೆ ವಿಡಿಯೋ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಮಾಡಿಸಿದರು. ಆಮೇಲೆ ಮತ್ತೊಮ್ಮೆ. "ಸಾಕು ಬಿಡ್ರಿ" ಎಂದು ನಾನು ಗದರಿದ್ದು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಬಂದು ಕೂತಾಗ ಹೊತ್ತು ಮುಳುಗಿತ್ತು. ತುಂಬಿದ ತಾಟನ್ನು ಮೆಲ್ಲಗೆ ಆಚೆ ಸರಿಸಿದಳು. ಗುದ್ದಿದ ಕೈ ಕೆಂಪಾಗಿತ್ತು.

"ಬರೋಬ್ಬರಿ ಬಂತೇನೋ?" ಎಂದಳು, ನನಗೊಬ್ಬನಿಗೇ ಕೇಳಿಸುವ ಹಾಗೆ.