ಅವ್ವ ಕೇಳಿದ ಇಂಜಿನ್ನುಗಳು

ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಪೈಪು ಸುಸ್ಸೆಂದರೆ ಸಾಕು, ನನಗೆ ಸುಟ್ಟ ಎಣ್ಣೆಯ ವಾಸನೆಯೂ ಜೋಳದ ರೊಟ್ಟಿಯ ವಾಸನೆಯೂ ಒಟ್ಟಿಗೇ ಬರುತ್ತವೆ. ಪುಣೆಯ ಕೊಂಢವಾದಲ್ಲಿ ನಮ್ಮ ಮನೆ ಇದ್ದದ್ದೇ ಹಾಗೆ: ಮುಂದೆ ಅಪ್ಪನ ಗ್ಯಾರೇಜು, ಹಿಂದೆ ಅಡುಗೆಮನೆ, ನಡುವೆ ಒಂದು ತಗಡಿನ ಗೋಡೆ. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಪ್ಪ ಬೈಕು ರಿಪೇರಿ ಕಲಿತು, ಕೊನೆಗೆ ರೇಸಿನ ಇಂಜಿನ್ ಕಟ್ಟುವವನಾಗಿದ್ದ. ಎಲ್ಲರೂ ಅವನ ಕೈ ಹೊಗಳುತ್ತಿದ್ದರು. ಆದರೆ ಆ ಇಂಜಿನ್ನುಗಳನ್ನು ಪಾಸು ಮಾಡುತ್ತಿದ್ದವಳು ನಮ್ಮವ್ವ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ, ನೀವು ಸಹಿಸಿಕೊಳ್ಳಬೇಕು.

ಇಂಜಿನ್ ಜೋಡಿಸಿದ ಮೇಲೆ ಅಪ್ಪ ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಗಾಳಿ ತುಂಬುತ್ತಿದ್ದ. ಆ ಗಾಳಿ ಒಳಗೇ ನಿಲ್ಲಬೇಕು; ಸೋರಿದರೆ ಎಲ್ಲಿ ಎಂದು ಕಿವಿಗೊಟ್ಟು ಹುಡುಕಬೇಕು. ಸೈಲೆನ್ಸರಿನಲ್ಲಿ ಸದ್ದಾದರೆ ವಾಲ್ವಿನ ತಪ್ಪು, ಎಣ್ಣೆ ಹಾಕುವ ಬಾಯಲ್ಲಿ ಸದ್ದಾದರೆ ಪಿಸ್ಟನ್ನಿನ ರಿಂಗುಗಳದ್ದು. ಇಂಜಿನ್ನುಗಳ ಗದ್ದಲದಲ್ಲಿ ಅಪ್ಪನ ಕಿವಿ ಮಂದವಾಗಿತ್ತು. ಅವ್ವನೋ, ದಮ್ಮಿನ, ಅಂದರೆ ಉಬ್ಬಸದ, ರೋಗಿಯಾಗಿದ್ದ ತನ್ನತ್ತೆಯ ಎದೆಯ ಸದ್ದನ್ನು ವರ್ಷಗಟ್ಟಲೆ ಕೇಳುತ್ತ ಬಾಳಿದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಬಡಿದ ಕೈಗಳನ್ನು ಹಿಂದಕ್ಕೆ ಹಿಡಿದು, ಎಣ್ಣೆಯ ಬಾಯಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದಳು. "ಚಲೋ ಅದ, ಒಯ್ಯಲಿ" ಅಂದರೆ ಪಾಸು. "ದಮ್ಮ ಅದ ಇದಕ್ಕ" ಅಂದರೆ ಮತ್ತೆ ಬಿಚ್ಚಬೇಕು.

ಒಮ್ಮೆ ಅಮೋಲ ಎಂಬ ಮರಾಠಿ ತರುಣನ ಬೈಕು ಸಿದ್ಧವಾಗಿತ್ತು. ಮರುದಿನ ಅವನ ಮೊದಲ ರೇಸು. ಗಾಳಿ ತುಂಬಿದ ಅಪ್ಪ, ಯಾರೋ ಕರೆದರೆಂದು ಹೊರಗೆ ಹೋದ. ಅವ್ವ ಕೇಳಿ, "ದಮ್ಮ ಅದ ಇದಕ್ಕ" ಎಂದು ತನ್ನಷ್ಟಕ್ಕೆ ಅಂದು, ಒಲೆಯ ಮೇಲಿನ ರೊಟ್ಟಿ ತಿರುವಲು ಒಳಗೋಡಿದಳು. ಮರಾಠಿಯಲ್ಲಿ 'ದಮ್ ಆಹೆ' ಅಂದರೆ ತಾಕತ್ತಿದೆ ಎಂದರ್ಥ. ಅಲ್ಲೇ ನಿಂತಿದ್ದ ಅಮೋಲ ಹಿಗ್ಗಿ ಹೀರೇಕಾಯಿಯಾದ. ತಾನೇ ಪ್ಲಗ್ಗು ಹಾಕಿ ಗೆಳೆಯನ ಟೆಂಪೋಗೆ ಬೈಕು ಏರಿಸಿಬಿಟ್ಟ. ಅವ್ವ ಹೊರಬಂದಾಗ ಟೆಂಪೋ ಗಲ್ಲಿಯ ತುದಿಯಲ್ಲಿತ್ತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಅಡ್ಡ ನಿಂತಳು. "ಕಾಕೂ, ದಮ್ ಆಹೆ ಅಸಂ ತುಮ್ಹೀಚ ಮ್ಹಣಾಲಾತ ನಾ," ನೀವೇ ಹಾಗಂದಿರಲ್ಲ, ಎಂದು ಅವನು ಕಕ್ಕಾಬಿಕ್ಕಿಯಾದ. ಅವಸರದಲ್ಲಿ ಅವ್ವನ ಮರಾಠಿ ಕೈಕೊಟ್ಟಿತು. ಎದೆ ಹಿಡಿದುಕೊಂಡು, ತೀರಿಹೋಗಿದ್ದ ನಮ್ಮಜ್ಜಿಯ ಹಾಗೆಯೇ ಏದುಸಿರು ಎಳೆದು ತೋರಿಸಿದಳು. ಗಲ್ಲಿಯವರೆಲ್ಲ ನಕ್ಕರು. ಅಮೋಲ ಮಾತ್ರ ನಗದೆ ಬೈಕು ಇಳಿಸಿದ.

ಅಪ್ಪ ಬಂದು, "ಹೊಸ ರಿಂಗ್ ಅವ, ಸ್ವಲ್ಪ ಸೋರತಾವ. ಓಡಿದಂಗ ಕೂಡತಾವ" ಎಂದು ಗೊಣಗಿದ. ಅದು ಸುಳ್ಳೂ ಅಲ್ಲ. "ಹೊಸ ರಿಂಗ್ ಪಿಸುಗುಡ್ತಾವ್ರೀ. ಇದು ತೇಕಲಿಕ್ಕತ್ತದ. ಬಿಚ್ಚರಿ" ಎಂದಳು ಅವ್ವ. ಬಿಚ್ಚಿದ. ಸಿಲಿಂಡರು ಕೂರಿಸುವಾಗ ಸಿಕ್ಕಿಕೊಂಡು ಮೇಲಿನ ರಿಂಗು ಮುರಿದಿತ್ತು. ರೇಸಿನ ವೇಗದಲ್ಲಿ ಆ ಚೂರಿನಿಂದ ಇಂಜಿನ್ ಹಿಡಿದುಕೊಂಡು ಚಕ್ರ ನಿಂತುಬಿಟ್ಟಿದ್ದರೆ ಅಮೋಲನ ಗತಿ ಏನಾಗುತ್ತಿತ್ತೋ. ಅಪ್ಪ ಅಂದೇ ಬೇರೆ ರಿಂಗು ಹಾಕಿ, ಗಾಳಿ ತುಂಬಿ, ಕೇಳಲು ಅವ್ವನನ್ನು ತಾನೇ ಕರೆದ. ಮರುದಿನ ಅಮೋಲ ಎರಡನೆಯವನಾಗಿ ಬಂದ. ಲೋಣಾವಳಾದ ಚಿಕ್ಕಿಯ ಪೊಟ್ಟಣವನ್ನು, ಅಪ್ಪನನ್ನು ದಾಟಿಕೊಂಡು ಒಳಗೆ ಹೋಗಿ ಅವ್ವನ ಕೈಗಿಟ್ಟು ಕಾಲಿಗೆರಗಿದ. ನನಗಂತೂ ಆ ದಿನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಅವ್ವ ಕೇಳದ ಇಂಜಿನ್ನು ನಮ್ಮ ಹೊಸ್ತಿಲು ದಾಟಲಿಲ್ಲ. ಅವಳು ಜೇಜುರಿಯ ಜಾತ್ರೆಗೆ ಹೋದ ದಿನ ಗಿರಾಕಿಗಳು ಕಾದು ಕೂರುತ್ತಿದ್ದರು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ಅಪ್ಪನೂ ಇಲ್ಲ. ಆದರೆ ಅವ್ವ ತೀರಿಕೊಂಡಾಗ ಅಪ್ಪನ ಕೈಯಲ್ಲಿ ಇನ್ನೂ ಕಸುವಿತ್ತು. ಅಮೋಲ ಸೇರಿ ಎಷ್ಟೋ ಜನ ಬಂದು ಬೇಡಿಕೊಂಡರು, ಸೋರಿಕೆ ಅಳೆಯುವ ಒಳ್ಳೆಯ ಮೀಟರು ತಂದುಕೊಡುತ್ತೇವೆ ಎಂದರು. ಅಪ್ಪ ರೇಸಿನ ಇಂಜಿನ್ ಮತ್ತೆ ಮುಟ್ಟಲಿಲ್ಲ. ಅವರಿಗೆ ಮರಾಠಿಯಲ್ಲಿ ವಯಸ್ಸಿನ ನೆಪ ಹೇಳಿ ಕಳಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದ: "ಜೋಡಸಲಿಕ್ಕ ನಾ ಇದ್ದೀನಿ. ಹೂಂ ಅನ್ನಲಿಕ್ಕ ಆಕಿ ಎಲ್ಲಿದ್ದಾಳ?"